ದ್ಯಾಮವ್ವನ ಹಾಲುಹಲ್ಲು

ನಮ್ಮೂರಿನಲ್ಲಿ ಹಾಲುಹಲ್ಲು ವಯಸ್ಸಿಗೆ ಬೀಳುವುದಿಲ್ಲ. ಮಗು ಇನ್ನೊಬ್ಬರಿಗೆ ಏನನ್ನಾದರೂ ಕಲಿಸಿದರೆ ಒಂದು ಹಲ್ಲು ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಬಿದ್ದ ಜಾಗದಲ್ಲಿ ಹೊಸದು ಬರುತ್ತದೆ. ಬೇರೆ ಊರುಗಳಲ್ಲಿ ಹಲ್ಲು ತಾನಾಗಿಯೇ ಉದುರುತ್ತದೆ ಎಂದು ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳು ಹೇಳಿದಳು. ನಾನು ನಂಬಲಿಲ್ಲ. ಹಾಗಾದರೆ ಅಲ್ಲಿನ ಮಕ್ಕಳು ಶಾಲೆಗೆ ಯಾವ ಆಸೆಗೆ ಹೋಗುತ್ತಾರೆ ಎಂದು ಕೇಳಿದೆ. ಅವಳು ನಕ್ಕಳು. ಅವಳ ಬಾಯಿ ತುಂಬ ದೊಡ್ಡ ಹಲ್ಲುಗಳೇ ಇದ್ದವು. ಇಷ್ಟು ಸಣ್ಣ ವಯಸ್ಸಿಗೆ ಇವಳು ಯಾರು ಯಾರಿಗೆ ಏನೇನು ಕಲಿಸಿರಬಹುದು ಎಂದು ಯೋಚಿಸುತ್ತ ಮಲಗಿದೆ.

ನಮ್ಮವರಿಗೆ ಇದು ರೂಢಿ. ಕಿರಾಣಿ ಅಂಗಡಿಯವನಿಗೆ ಮೊಮ್ಮಕ್ಕಳಾಗಿದ್ದರೂ ಬಾಯಿಯ ಮುಂಭಾಗದಲ್ಲಿ ಅಕ್ಕಿಕಾಳಿನಂಥ ಎರಡು ಹಾಲುಹಲ್ಲು ಉಳಿದಿವೆ. ಯಾರಿಗೂ ಏನನ್ನೂ ಹೇಳಿಕೊಡದ ಮನುಷ್ಯ ಎಂದು ನೋಡಿದವರಿಗೆ ತಿಳಿಯುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯನ್ನು ನಗಿಸುತ್ತಾರೆ. ಎಲ್ಲ ದೊಡ್ಡ ಹಲ್ಲಾಗಿದ್ದರೆ, ಇವಳು ಅತ್ತೆಗೇ ಬುದ್ಧಿ ಹೇಳುತ್ತಾಳೆ ಎಂದು ಹೆದರುತ್ತಾರೆ. ಹಾಲುಹಲ್ಲು ಉಳಿದಿದ್ದರೆ ಜಿಪುಣಿ ಎನ್ನುತ್ತಾರೆ. ನನ್ನನ್ನು ನೋಡಲು ಬಂದವರು ಎರಡನ್ನೂ ಅಂದು, ಅವಲಕ್ಕಿ ತಿಂದು ಹೋದರು. ದಾರ ಕಟ್ಟಿ ಹಲ್ಲು ಕಿತ್ತುಕೊಂಡವರೂ ಇದ್ದಾರೆ. ಕಿತ್ತ ಜಾಗದಲ್ಲಿ ಮತ್ತೇನೂ ಬರುವುದಿಲ್ಲ. ಅಂಥವರು ಬಾಯಿಗೆ ಸೆರಗೋ ಟವಲೋ ಅಡ್ಡ ಹಿಡಿದು ಮಾತಾಡುತ್ತಾರೆ.

ನಾನು ಒಂದನೇ ತರಗತಿಯ ಟೀಚರು. ಒಂದನೇ ತರಗತಿ ದಾಟಬೇಕಾದರೆ ಬಾಯಲ್ಲಿ ಹಲ್ಲು ಬಿದ್ದ ಸಂದಿ ಒಂದಾದರೂ ಇರಬೇಕು. ಬೇಸಿಗೆ ರಜೆಗೆ ಮೊದಲು ಒಂದು ಮಧ್ಯಾಹ್ನ ಹಲ್ಲು ನೋಡುವ ಕಾರ್ಯಕ್ರಮ. ಹೆಡ್‌ಮಾಸ್ತರು ಟಾರ್ಚು ಹಿಡಿದು ಒಬ್ಬೊಬ್ಬರ ಬಾಯಿ ನೋಡುತ್ತಾರೆ, ತಂದೆತಾಯಿ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಕಿತ್ತ ಹಲ್ಲೋ ಬಿದ್ದ ಹಲ್ಲೋ ಎಂದು ತಿಳಿಯಬೇಕಲ್ಲ, ಅದಕ್ಕೆ ಕಲಿತವರು ಎದ್ದು ನಿಂತು, ಇಂಥವರು ನನಗೆ ಇಂಥದ್ದು ಕಲಿಸಿದರು ಎಂದು ಎಲ್ಲರೆದುರು ಹೇಳಬೇಕು. ಕಲಿಸಿದವರಾಗಲಿ ಬೇರೆಯವರಾಗಲಿ ಕಲಿತವರ ಹೆಸರು ಹೇಳುವಂತಿಲ್ಲ. ಕೇಳಿ ಪಡೆದ ಸಾಕ್ಷಿ ಸಾಕ್ಷಿಯಲ್ಲ ಎಂಬುದು ನಮ್ಮಲ್ಲಿನ ಮಾತು. ಮೊದಲ ವರ್ಷ ಸಂದಿ ಇಲ್ಲದಿದ್ದರೆ ಮತ್ತೆ ಒಂದನೇ ತರಗತಿ. ಎರಡನೇ ವರ್ಷವೂ ಇಲ್ಲದಿದ್ದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ. ಈ ನಿಯಮ ಮಾಡಿದವರು ಯಾರು ಎಂದು ಕೇಳಿದರೆ ಊರಿನಲ್ಲಿ ಪ್ರತಿಯೊಬ್ಬರೂ ತಮ್ಮ ಅಜ್ಜನ ಹೆಸರು ಹೇಳುತ್ತಾರೆ.

ದ್ಯಾಮವ್ವನಿಗೆ ಇದು ಎರಡನೇ ವರ್ಷ. ಮೊದಲ ವರ್ಷ ಅವಳು ಶಾಲೆಗೆ ಬಂದದ್ದೇ ಕಡಿಮೆ. ಅವಳ ತಾಯಿ ಹುಲಿಗೆವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಮುರಿಯುವ ಕೆಲಸ ಮಾಡುತ್ತಾಳೆ. ಶಾಲೆಯಿಂದ ಹೆಸರು ತೆಗೆದ ಮಕ್ಕಳು ಬೇಗನೆ ಅಲ್ಲಿಗೇ ಹೋಗಿ ಸೇರುತ್ತಾರೆ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬಾರದು ಎಂಬುದೊಂದೇ ಅಲ್ಲಿ ಕಲಿಯುವ ಪಾಠ. ಅದನ್ನೂ ಯಾರೂ ಕಲಿಸುವುದಿಲ್ಲ, ಮೊದಲ ದಿನ ತಾನೇ ತಿಳಿಯುತ್ತದೆ.

ಹುಡುಗಿ ದಡ್ಡಿಯಲ್ಲ. ಒಂದನೇ ತರಗತಿಯ ಕಷ್ಟವೇ ಬೇರೆ. ಅಲ್ಲಿ ಕಲಿಸುವವರಿಗೆ ಕೊರತೆಯಿಲ್ಲ, ಕಲಿಯುವವರು ಸಿಗುವುದಿಲ್ಲ. ಪ್ರತಿ ಮಗುವಿಗೂ ಹಲ್ಲು ಬೀಳಿಸಿಕೊಳ್ಳುವ ಅವಸರ. ಯಾವುದನ್ನು ಕೇಳಿದರೂ ಎಲ್ಲರಿಗೂ ಬರುತ್ತದೆ. ಬಾರದವನಿಗೂ ಬರುತ್ತದೆ. ನಾನು ಬೋರ್ಡಿನ ಮೇಲೆ ಒಂದು ಅಕ್ಷರ ಬರೆದು ತಿರುಗುವಷ್ಟರಲ್ಲಿ ಅರ್ಧ ತರಗತಿ ಇನ್ನರ್ಧಕ್ಕೆ ಅದನ್ನು ಹೇಳಿಕೊಡಲು ಹೋಗಿ ಜಗಳವಾಗಿರುತ್ತದೆ. ಇಂಥ ಕಡೆ ದ್ಯಾಮವ್ವ ಒಬ್ಬಳೇ, ಹೆಸರು ಕೇಳಿದರೆ ಹೆಸರು ಹೇಳುವಷ್ಟೇ ಸಲೀಸಾಗಿ, ನನಗೆ ಬರುವುದಿಲ್ಲ ಎನ್ನುತ್ತಿದ್ದಳು.

ಅಷ್ಟು ಸಾಕಾಯಿತು. ಜೂನ್ ತಿಂಗಳಲ್ಲೇ ಅವಳ ಸುತ್ತ ಸಾಲು. ಚನ್ನವೀರ ಎಂಬ ಹುಡುಗ ಹತ್ತರ ಮುಂದಿನ ಅಂಕಿಗಳನ್ನು ಅವಳಿಗೆ ಕಲಿಸಿದ, ಅವನ ಮೊದಲ ಹಲ್ಲು ಅವಳ ಪಾಟಿಯ ಮೇಲೆ ಟಕ್ಕೆಂದು ಬಿತ್ತು. ಮಾಬೂಬಿ ರಿಬ್ಬನ್ನಿನ ಗಂಟು ಹಾಕುವುದನ್ನು ಕಲಿಸಿ ಒಂದು, ಮೊಟ್ಟೆಯ ಸಿಪ್ಪೆಯನ್ನು ಹರಿಯದಂತೆ ಬಿಡಿಸುವುದನ್ನು ಕಲಿಸಿ ಇನ್ನೊಂದು ಬೀಳಿಸಿಕೊಂಡಳು. ಸಂಕ್ರಾಂತಿ ಹೊತ್ತಿಗೆ ತರಗತಿಯಲ್ಲಿ ಯಾರು ನಕ್ಕರೂ ಸಂದಿಯೇ ಕಾಣುತ್ತಿತ್ತು. ಚನ್ನವೀರನಿಗಂತೂ ಮುಂದೆ ಮೇಲೂ ಕೆಳಗೂ ಏನೂ ಉಳಿದಿರಲಿಲ್ಲ, ‘ಸರಸ್ವತಿ’ ಎನ್ನಲು ಹೇಳಿದರೆ ಗಾಳಿ ಬರುತ್ತಿತ್ತು. ದ್ಯಾಮವ್ವನ ಬಾಯಿ ಮಾತ್ರ ಪೋಣಿಸಿದ ಹಾಗೆ ತುಂಬಿತ್ತು. ಎಲ್ಲರೂ ಕಲಿಸಿದ್ದರಿಂದ ಆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದುದು ಅವಳಿಗೆ. ಅದರಲ್ಲಿ ಒಂದೂ ಉಳಿದವರಿಗೆ ಬಾರದ್ದಲ್ಲ. ಕಲಿಸಿದವರಿಗೇ ತಿರುಗಿ ಕಲಿಸಲು ಬರುತ್ತದೆಯೇ.

ಮಾರ್ಚಿನಲ್ಲಿ ಒಂದು ಸಂಜೆ ಹುಲಿಗೆವ್ವ ಗೋದಾಮಿನಿಂದ ನೇರ ಶಾಲೆಗೆ ಬಂದಳು. ಅವಳು ಒಳಗೆ ಕಾಲಿಟ್ಟ ಕೂಡಲೇ ಮೆಣಸಿನಕಾಯಿಯ ಘಾಟಿಗೆ ನಾನು ಸೀನಿದೆ. ಅವಳು ಹಿಂದೆ ಸರಿದು ಬಾಗಿಲಲ್ಲೇ ನಿಂತಳು.

“ಅಕ್ಕೋರ, ದವಡಿ ಕಡೀದು ಒಂದು ಕಿತ್ತರ ಏನಾಗ್ತದ್ರಿ? ಯಾರಿಗೂ ಕಾಣಂಗಿಲ್ಲ.”

ಕಂಡೇ ಕಾಣುತ್ತದೆ, ಟಾರ್ಚು ಇರುವುದೇ ಅದಕ್ಕೆ ಎಂದೆ. ಅಲ್ಲದೆ ಸಾಕ್ಷಿ ಯಾರು ಹೇಳುತ್ತಾರೆ?

“ನೀವಽ ನಿಲ್ರಿ.”

“ನಿಂತು ಏನು ಹೇಳ್ಲಿ? ಆಕಿ ನಂಗ ಏನು ಕಲಿಸ್ಯಾಳ ಅಂತ ಹೇಳ್ಲಿ?”

ಹುಲಿಗೆವ್ವ ಯೋಚಿಸಿದಳು. “ಆಕಿಗೆ ಸಮಾಧಾನ ಭಾಳ ಅದ್ರಿ. ಅದನ್ನ ಕಲಿಸಿದ್ಲು ಅನ್ರಿ.”

ನನಗೆ ಸಮಾಧಾನ ಬಂದಿದೆ ಎಂದರೆ ಹೆಡ್‌ಮಾಸ್ತರು ನಂಬುವುದಿಲ್ಲ ಎಂದೆ. ಅವಳಿಗೆ ನಗು ಬಂತು. ಆಮೇಲೆ ನಗು ನಿಂತಿತು. ಗೋದಾಮಿನ ಮಾಲೀಕ ಮಗಳಿಗೆ ಈಗಲೇ ಒಂದು ಜಾಗ ತೋರಿಸಿದ್ದಾನೆ, ಕಿಟಕಿ ಪಕ್ಕ, ಘಾಟು ಸ್ವಲ್ಪ ಕಡಿಮೆ ಎಂದು ಹೇಳಿ ಹೋದಳು. ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ಒಳ್ಳೆಯ ಜಾಗ ಸಿಕ್ಕಿತೆಂದೇ ಹೇಳಿದಳು.

ನಾನು ಒಂದು ಉಪಾಯ ಮಾಡಿದೆ. ಬೆರಳುಗಳಿಗೆ ದಾರ ಸುತ್ತಿ ತೊಟ್ಟಿಲು ಕಟ್ಟುವ ಆಟ ನನಗೆ ಗೊತ್ತಿತ್ತು, ನಮ್ಮ ಮಕ್ಕಳಾರಿಗೂ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ದ್ಯಾಮವ್ವನನ್ನು ಅಕ್ಕಿ ಮೂಟೆಗಳ ಕೋಣೆಗೆ ಕರೆದುಕೊಂಡು ಹೋಗಿ ಕಲಿಸಿದೆ. ಬೇಗ ಕಲಿತಳು, ಕಲಿಯುವುದರಲ್ಲಿ ಅವಳ ಕೈ ಪಳಗಿತ್ತು. ಇದನ್ನು ಮಾಬೂಬಿಗೆ ಕಲಿಸು ಎಂದು ಕಳಿಸಿದೆ. ಮಾಬೂಬಿ ಆಸೆಯಿಂದಲೇ ಕೈ ಚಾಚಿದಳು. ಒಂದು ಸುತ್ತು ಸರಿಯಾಯಿತು, ಎರಡನೆಯದು ಕಿರುಬೆರಳಿಗೆ ಸಿಕ್ಕಿಕೊಂಡಿತು. ದ್ಯಾಮವ್ವ ದಾರವನ್ನು ಬಿಡಿಸಿ, ತನ್ನ ಕೈಗೇ ಹಾಕಿಕೊಂಡು ತಾನೇ ತೊಟ್ಟಿಲು ಕಟ್ಟಿ ತೋರಿಸಿದಳು. ಮತ್ತೆ ಮಾಬೂಬಿಯ ಸರದಿ, ಮತ್ತೆ ಸಿಕ್ಕು, ಮತ್ತೆ ದ್ಯಾಮವ್ವ ದಾರ ಕಸಿದುಕೊಂಡು ತಾನೇ ಕಟ್ಟಿದಳು. ಗಂಟೆ ಹೊಡೆಯುವ ಹೊತ್ತಿಗೆ ತೊಟ್ಟಿಲು ಬಹಳ ಚೆನ್ನಾಗಿ ಬರುತ್ತಿದ್ದುದು ದ್ಯಾಮವ್ವನಿಗೆ. ಮಾಬೂಬಿ ಬೇಸರವಾಗಿ ನೀರು ಕುಡಿಯಲು ಹೋಗಿದ್ದಳು. ಬಿ.ಎಡ್. ಮಾಡಿದವರೂ ಹೀಗೇ ಕಲಿಸುತ್ತಾರೆ, ಆದ್ದರಿಂದ ನಾನು ಹುಡುಗಿಗೆ ಏನೂ ಅನ್ನಲಿಲ್ಲ.

ಹುಲಿಗೆವ್ವ ಬಾಗಿಲಲ್ಲಿ ನಿಂತು ಆಡಿದ ಮಾತು ಮಕ್ಕಳ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ಒಂದು ಬೆಳಿಗ್ಗೆ ತರಗತಿಗೆ ತರಗತಿಯೇ ದಡ್ಡವಾಗಿ ಬಂದು ಕೂತಿತು. ಇದು ಮಾಬೂಬಿಯ ಏರ್ಪಾಡು. ಅವಳೇ ಮೊದಲು ಪಾಟಿ ಹಿಡಿದುಕೊಂಡು ದ್ಯಾಮವ್ವನ ಹತ್ತಿರ ಹೋಗಿ, ‘ಅ’ ಬರೆಯುವುದು ಹೇಗೆಂದು ಕೇಳಿದಳು. ಅವಳ ಹಿಂದೆ ಒಬ್ಬ ಎರಡಕ್ಕೆ ಎರಡು ಕೂಡಿಸಿದರೆ ಎಷ್ಟು ಎಂದು ಕೇಳಲು ನಿಂತಿದ್ದ. ಅವನ ಹಿಂದಿನವಳಿಗೆ ಚಪ್ಪಲಿಯಲ್ಲಿ ಎಡ ಯಾವುದು ಬಲ ಯಾವುದು ಎಂದು ಮರೆತುಹೋಗಿತ್ತು. ದ್ಯಾಮವ್ವ ನಂಬಿದಳು. ಒಬ್ಬೊಬ್ಬರಿಗೂ ಕೈ ಹಿಡಿದು ಹೇಳಿಕೊಟ್ಟಳು, ಪ್ರತಿ ಸಲವೂ ನಾಲಿಗೆಯಿಂದ ಹಲ್ಲು ತಳ್ಳಿ ನೋಡಿಕೊಂಡಳು. ಒಂದೂ ಅಲುಗಲಿಲ್ಲ. ಚಪ್ಪಲಿಯವಳು ಮಾತು ಮುಗಿಯುವ ಮೊದಲೇ ಸರಿಯಾದ ಕಾಲಿಗೆ ಚಪ್ಪಲಿ ಹಾಕಿಕೊಂಡುಬಿಟ್ಟಳು. ಆಗ ದ್ಯಾಮವ್ವನಿಗೆ ಗೊತ್ತಾಯಿತು.

“ನಿಮಗೆಲ್ಲ ಬರ್ತದ,” ಅಂದಳು. ಅಳಲಿಲ್ಲ. ಪಾಟಿ ಎತ್ತಿಕೊಂಡು ಕೊನೆಯ ಸಾಲಿಗೆ ಹೋಗಿ ಗೋಡೆ ಪಕ್ಕ ಕೂತಳು. ಮಕ್ಕಳು ನನ್ನ ಮುಖ ನೋಡಿದರು. ಹಲ್ಲಿಗೆ ಸುಳ್ಳು ನಡೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಆದರೂ ಮಾಡಿ ನೋಡಿದ್ದರು. ನಾನು ಬೈಯಲಿಲ್ಲ, ಹೊಗಳಲೂ ಇಲ್ಲ. ಮಗ್ಗಿ ಹೇಳಿಸಿದೆ.

ಈ ನಾಟಕದಲ್ಲಿ ಚನ್ನವೀರ ಇರಲಿಲ್ಲ. ಅವನಿಗೆ ಮೈಮೇಲೆ ಅಮ್ಮ ಎದ್ದು ಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ. ಅವನ ತಂದೆ ಬಸವಂತಪ್ಪ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ಊರಿನಲ್ಲಿ ಅವರಷ್ಟು ಬೇಗ ಹಾಲುಹಲ್ಲು ಕಳೆದುಕೊಂಡವರಿಲ್ಲವೆಂದು ಪ್ರಸಿದ್ಧರು. ಬೋರ್‌ವೆಲ್ ಕೊರೆಯುವವರಿಗೆ ಕೊರೆಯುವುದನ್ನೂ ಪೂಜಾರಿಗೆ ಮಂತ್ರವನ್ನೂ ಹೇಳಿಕೊಡುತ್ತಾರೆ. ಅವರ ಮನೆಯಲ್ಲಿ ‘ಬರಂಗಿಲ್ಲ’ ಎಂಬ ಮಾತೇ ಇಲ್ಲವೆಂದು ಸಮಿತಿಯ ಸಭೆಯಲ್ಲಿ ಎರಡು ಮೂರು ಸಲ ಹೇಳಿದ್ದರು.

ಹಲ್ಲು ನೋಡುವ ದಿನ ಬೆಳಿಗ್ಗೆಯೇ ಚನ್ನವೀರ ಶಾಲೆಗೆ ಬಂದ. ಮುಖದ ಮೇಲೆ ಕಲೆ, ತಲೆಗೆ ಎಣ್ಣೆ, ಹೊಸ ಅಂಗಿ. ಅವನು ಇಲ್ಲದಾಗ ನಾನು ಮಕ್ಕಳಿಗೆ ಗಡಿಯಾರ ನೋಡುವುದನ್ನು ಕಲಿಸಿದ್ದೆ. ರಟ್ಟಿನ ಡಬ್ಬಿ ಕತ್ತರಿಸಿ ಮಾಡಿದ ಗಡಿಯಾರ ಮೇಜಿನ ಮೇಲಿತ್ತು. ಎಲ್ಲರಿಗೂ ನಾನೇ ಕಲಿಸಿದ್ದರಿಂದ ಅದರಿಂದ ಯಾರಿಗೂ ಹಲ್ಲಿನ ಲಾಭವಾಗಿರಲಿಲ್ಲ. ಈಗ ನಿಜವಾಗಿ ಬಾರದವನೊಬ್ಬ ಬಾಗಿಲಲ್ಲಿ ಕಂಡ. ಬಿಸಿಯೂಟದ ಗಂಟೆ ಕೇಳಿದವರಂತೆ ಎಲ್ಲರೂ ಎದ್ದರು. ಗಡಿಯಾರವನ್ನು ಅವನ ಮೂಗಿನ ಹತ್ತಿರ ಹಿಡಿದು, ಸಣ್ಣ ಮುಳ್ಳು ಎಂದೊಬ್ಬಳು, ದೊಡ್ಡ ಮುಳ್ಳು ಎಂದೊಬ್ಬ, ನಾ ಹೇಳ್ತೀನಿ ನಾ ಹೇಳ್ತೀನಿ ಎಂದು ಎಲ್ಲರೂ.

“ನಂಗ ಬರ್ತದ,” ಚನ್ನವೀರ ಅಂದ.

ಹಾಗಾದರೆ ಎಷ್ಟು ಗಂಟೆ ಹೇಳು ಎಂದಳು ಮಾಬೂಬಿ. ಅವನು ಗಡಿಯಾರವನ್ನು ಬಹಳ ಹೊತ್ತು ನೋಡಿ ಹದಿನೈದು ಗಂಟೆ ಎಂದ. ಮಕ್ಕಳು ನೆಲಕ್ಕೆ ಬಿದ್ದು ನಕ್ಕರು. ಅವನು ಮಾಬೂಬಿಯ ಕೈ ಹಿಡಿದು ಕಚ್ಚಿದ. ಮುಂದಿನ ಹಲ್ಲುಗಳಿರಲಿಲ್ಲವಾದ್ದರಿಂದ ಗಾಯವಾಗಲಿಲ್ಲ, ಎಂಜಲಾಯಿತು. ನಾನು ಅವನನ್ನು ಎಬ್ಬಿಸಿ ಹಿಂದಿನ ಸಾಲಿನಲ್ಲಿ ದ್ಯಾಮವ್ವನ ಪಕ್ಕ ಕೂರಿಸಿದೆ. ಅಲ್ಲಿ ಜಾಗ ಖಾಲಿ ಇತ್ತು, ಅಷ್ಟೇ ಕಾರಣ. ಅವನು ಗೋಡೆಯ ಕಡೆ ಮುಖ ಮಾಡಿದ. ನಾನು ಅವರ ಹಿಂದಿನ ಕಪಾಟಿನಲ್ಲಿ ಪಾಟಿಗಳನ್ನು ಜೋಡಿಸುತ್ತಿದ್ದೆ, ಅವರ ಮಾತು ಕೇಳುತ್ತಿತ್ತು.

ದ್ಯಾಮವ್ವ ಗಡಿಯಾರದ ಸುದ್ದಿ ಎತ್ತಲಿಲ್ಲ. “ಬರಂಗಿಲ್ಲ ಅಂತ ಮೊದಲ ಅನ್ನಬೇಕು. ಆಮ್ಯಾಲ ಅವರು ಹೇಳ್ತಾರ,” ಅಂದಳು.

“ನಂಗ ಬರ್ತದ.”

“ನಿಂಗ ಬರಂಗಿಲ್ಲ.”

ಚನ್ನವೀರ ಗೋಡೆಯ ಸುಣ್ಣ ಕೆರೆದ. “ಹಂಗ ಅಂದ್ರ ನಗ್ತಾರ.”

“ನಗ್ತಾರ. ನಕ್ಕು ಮುಗಿದ ಮ್ಯಾಲ ಹೇಳ್ತಾರ.”

ಅವನು ಸ್ವಲ್ಪ ತಿರುಗಿದ. ಎಷ್ಟು ಹೊತ್ತು ನಗುತ್ತಾರೆ ಎಂದು ಕೇಳಿದ. ಭಾಳ ಹೊತ್ತಲ್ಲ ಎಂದಳು ಅವಳು. ಅಷ್ಟು ಹೊತ್ತು ತಾನು ಪಾಟಿ ಒರೆಸುತ್ತಿರುತ್ತೇನೆ, ಪಾಟಿಯನ್ನೇ ನೋಡಿದರೆ ನಗು ಬೇಗ ಮುಗಿಯುತ್ತದೆ, ಅವರ ಮುಖ ನೋಡಿದರೆ ಮುಗಿಯುವುದಿಲ್ಲ ಎಂದಳು. ಇದನ್ನು ಅವಳು ಗುಟ್ಟಿನಂತೆ ಹೇಳಲಿಲ್ಲ. ಮೊಟ್ಟೆ ಸಿಪ್ಪೆ ಹೇಗೆ ಬಿಡಿಸಬೇಕೆಂದು ಮಾಬೂಬಿ ಹೇಳುತ್ತಾಳಲ್ಲ, ಹಾಗೆ ಹೇಳಿದಳು.

ಚನ್ನವೀರ ಬಾಯಿ ತೆರೆದ. ಬರೀ ಗಾಳಿ ಬಂತು. ಮತ್ತೊಮ್ಮೆ ತೆರೆದು ‘ಬರಂ’ ಎಂದಲ್ಲಿಗೆ ನಿಲ್ಲಿಸಿದ. ಅವಳು ಉಳಿದದ್ದನ್ನು ತಾನು ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವನ ಬಾಯಿಯನ್ನೇ ನೋಡುತ್ತ ಕೂತಳು. ಬೋರ್ಡಿನ ಹತ್ತಿರ ಇಬ್ಬರು ಸೀಮೆಸುಣ್ಣಕ್ಕೆ ಜಗಳವಾಡಿ ರಾಜಿಯಾದರು. ಆಗ ಚನ್ನವೀರ ಬಹಳ ಸಣ್ಣ ದನಿಯಲ್ಲಿ, ನಂಗ ಬರಂಗಿಲ್ಲ ಎಂದ.

“ಹಾಂ. ಹಂಗಽ,” ಅಂದಳು ದ್ಯಾಮವ್ವ. “ಈಗ ಅಲ್ಲಿ ಹೋಗಿ ಅನ್ನು.”

ಅವನು ಪಾಟಿ, ಒರೆಸುವ ಬಟ್ಟೆ ತೆಗೆದುಕೊಂಡು ನೇರವಾಗಿ ಮಾಬೂಬಿಯ ಎದುರಿಗೆ ಹೋಗಿ ನಿಂತು ಅಂದ. ಎಲ್ಲರೂ ನಕ್ಕರು. ಅವನು ತಲೆ ಬಗ್ಗಿಸಿ ಪಾಟಿ ಒರೆಸಿದ. ನಗು ಮುಗಿಯಿತು. ಮಾಬೂಬಿ ಕಚ್ಚಿಸಿಕೊಂಡ ಕೈಯನ್ನು ಒಮ್ಮೆ ಲಂಗಕ್ಕೆ ಒರೆಸಿಕೊಂಡು, ಬೇಕೆಂದೇ ಕಾಯಿಸಿ, ಆಮೇಲೆ ಸಣ್ಣ ಮುಳ್ಳಿನಿಂದ ಶುರು ಮಾಡಿದಳು. ಊಟದ ಹೊತ್ತಿಗೆ ಅವನಿಗೆ ಗಂಟೆ ಹೇಳಲು ಬಂತು, ಮಾಬೂಬಿಯ ಇನ್ನೊಂದು ಹಲ್ಲು ರಟ್ಟಿನ ಮೇಲೆ ಬಿತ್ತು. ಅವಳು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ನಾನು ದ್ಯಾಮವ್ವನ ಕಡೆ ನೋಡಿದೆ. ಬಾಯಿ ಮುಚ್ಚಿಕೊಂಡು ಕೂತಿದ್ದಳು. ಸಿಕ್ಕ ಒಬ್ಬ ವಿದ್ಯಾರ್ಥಿಯನ್ನೂ ಕೈಯಾರೆ ಅಲ್ಲಿಗೆ ಕಳಿಸಿಬಿಟ್ಟಳು ಎಂದು ನನಗೆ ಸಿಟ್ಟೇ ಬಂತು. ಊಟಕ್ಕೆ ಹೋಗಿರಿ ಎಂದೆ.

ಮಧ್ಯಾಹ್ನ ತಂದೆತಾಯಿ ಬಂದು ಗೋಡೆಗೆ ಒರಗಿದರು. ಬಸವಂತಪ್ಪನವರಿಗೆ ಕುರ್ಚಿ ಹಾಕಿದ್ದೆವು, ಅವರು ಕೂರಲಿಲ್ಲ, ಕೈ ಕಟ್ಟಿ ನಿಂತರು. ಹುಲಿಗೆವ್ವ ತನ್ನ ಸೀರೆಯ ಘಾಟಿಗೆ ಯಾರಾದರೂ ಸೀನಿಯಾರೆಂದು ಹೆದರಿ ಎಲ್ಲರಿಂದ ದೂರ ಕಿಟಕಿಯ ಹತ್ತಿರ ನಿಂತಳು. ಹೆಡ್‌ಮಾಸ್ತರು ಗುರುಪಾದಪ್ಪನವರು ಟಾರ್ಚಿನ ಬೆನ್ನಿಗೆ ಎರಡೇಟು ಕೊಟ್ಟು ಹೊತ್ತಿಸಿದರು. ಒಬ್ಬೊಬ್ಬರ ಬಾಯಿ ಬೆಳಗಿತು, ಒಬ್ಬೊಬ್ಬ ಸಾಕ್ಷಿ ಎದ್ದು ಹೇಳಿ ಕೂತಿತು. ಬಹುಪಾಲು ಸಾಕ್ಷಿ ದ್ಯಾಮವ್ವನದೇ. ಅವಳು ಎದ್ದು ಎದ್ದು ಕೂರುತ್ತಿದ್ದಳು: ಇಂವ ನಂಗ ಹನ್ನೊಂದು ಕಲಿಸ್ಯಾನ್ರಿ, ಈಕಿ ನಂಗ ಗಂಟು ಕಲಿಸ್ಯಾಳ್ರಿ. ಒಬ್ಬರನ್ನೂ ಮರೆಯಲಿಲ್ಲ. ಕೊನೆಗೆ ಅವಳ ಸರದಿ ಬಂತು.

ಹೆಡ್‌ಮಾಸ್ತರು ಬಗ್ಗಿ ನೋಡಿದರು. ಟಾರ್ಚನ್ನು ಎಡಗೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. “ಕೆಳಗ ಒಂದು ಹೋಗ್ಯದ,” ಎಂದರು.

ನಾನು ತಿರುಗಿ ಹುಲಿಗೆವ್ವನ ಮುಖ ನೋಡಿದೆ. ಅವಳು ಎರಡೂ ಅಂಗೈ ಎತ್ತಿ ತೋರಿಸಿ ತಲೆಯಾಡಿಸಿದಳು, ಕೆಂಪಾದ ಅಂಗೈಗಳು. ಹಲ್ಲು ಎಲ್ಲಿ ಎಂದು ಹೆಡ್‌ಮಾಸ್ತರು ಕೇಳಿದರು. ಅನ್ನದಲ್ಲಿ ನುಂಗಿದೆ ಎಂದಳು ದ್ಯಾಮವ್ವ. ಗೋಡೆಯ ಕಡೆಯಿಂದ ಒಂದಿಬ್ಬರು ನಕ್ಕರು, ಕಿತ್ತವರೆಲ್ಲ ಹೀಗೇ ಹೇಳುವುದು ಎಂದು ಯಾರೋ ಅಂದರು. ಹೆಡ್‌ಮಾಸ್ತರು ತರಗತಿಯ ಕಡೆ ತಿರುಗಿ, ಈಕೆಯಿಂದ ಕಲಿತವರು ಯಾರು ಎಂದು ಕೇಳಿದರು.

ನನಗೆ ಈಗ ತಿಳಿಯಿತು, ಕಲಿತವನು ಯಾರೆಂದು. ಆದರೆ ನಾನು ಹೇಳುವಂತಿಲ್ಲ, ಕಣ್ಣಿನಲ್ಲಿ ಕೂಡ ತೋರಿಸುವಂತಿಲ್ಲ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮಾಬೂಬಿ ಎದ್ದು, ನಾನು ಎಂದಳು. ಏನು ಕಲಿತಿ ಎಂದರೆ ‘ಅ’ ಎಂದಳು. ಹೆಡ್‌ಮಾಸ್ತರು ಕೂಡು ಎಂದರು. ಮತ್ತೆ ಯಾರೂ ಏಳಲಿಲ್ಲ. ದ್ಯಾಮವ್ವ ಬಾಯಿ ತೆರೆದುಕೊಂಡೇ ನಿಂತಿದ್ದಳು, ಮುಚ್ಚು ಎಂದು ಅವರು ಹೇಳಿರಲಿಲ್ಲ. ಹುಲಿಗೆವ್ವ ಸೆರಗು ಸರಿಮಾಡಿಕೊಂಡಳು, ಹೊರಡುವವರ ಹಾಗೆ.

ಹಿಂದಿನ ಸಾಲಿನಿಂದ ಪಾಟಿ ಒರೆಸುವ ಸದ್ದು ಬರುತ್ತಿತ್ತು. ಚನ್ನವೀರ ಏನೂ ಬರೆಯದ ಪಾಟಿಯನ್ನು ಒರೆಸುತ್ತಿದ್ದ. ಒರೆಸುತ್ತಲೇ ಎದ್ದು ನಿಂತ.

“ನಾ ಕಲ್ತೀನ್ರಿ.”

ಏನು ಎಂದರು ಹೆಡ್‌ಮಾಸ್ತರು. ಹುಡುಗ ಒಮ್ಮೆ ತಂದೆಯ ಕಡೆ ನೋಡಿದ. ಆಮೇಲೆ ಪಾಟಿಯ ಕಡೆ ನೋಡಿದ.

“ಬರಂಗಿಲ್ಲ ಅನ್ನೂದು.”

“ಏನು ಬರಂಗಿಲ್ಲೋ?”

“ಬರದಿದ್ರ, ಬರಂಗಿಲ್ಲ ಅನ್ನೂದ್ರಿ. ಅದು ನಂಗ ಬರ್ತಿರ್ಲಿಲ್ಲ. ಈಕಿ ಹೇಳಿಕೊಟ್ಲು.”

ಗೋಡೆಗೆ ಒರಗಿದವರೆಲ್ಲ ನಕ್ಕರು. ದೊಡ್ಡವರ ನಗು ಮಕ್ಕಳ ನಗುವಿಗಿಂತ ಉದ್ದ. ಚನ್ನವೀರ ತಲೆ ಎತ್ತದೆ ಪಾಟಿ ಒರೆಸಿದ, ಅದು ಮುಗಿಯುವ ತನಕ ಒರೆಸಿದ. ನಗದೆ ಇದ್ದವರು ಬಸವಂತಪ್ಪ ಒಬ್ಬರೇ. ಅವರ ಕಿವಿ ಕೆಂಪಾಗಿತ್ತು. ಇದು ಯಾವ ವಿದ್ಯೆ, ಇದನ್ನೂ ಕಲಿಸುವುದು ಎನ್ನುತ್ತಾರೇನು ಎಂದು ಅವರು ಹೆಡ್‌ಮಾಸ್ತರರನ್ನು ಕೇಳಿದರು. ಅಧ್ಯಕ್ಷರ ಪ್ರಶ್ನೆ, ನಮ್ಮ ಹೆಡ್‌ಮಾಸ್ತರು ಅಧ್ಯಕ್ಷರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರು ಟಾರ್ಚನ್ನು ಮತ್ತೆ ದ್ಯಾಮವ್ವನ ಬಾಯಿಗೆ ಹಿಡಿದು, ಸಂದಿಯ ತಳದಲ್ಲಿ ಏನೋ ಹುಡುಕುವಂತೆ ನೋಡಿದರು.

“ಹೊಸಾದು ಮೂಡೇದ್ರಿ ಸಾಹೇಬ್ರ,” ಎಂದರು. “ಬಿಳೇದು ಕಾಣ್ತದ. ಕಿತ್ತಿದ್ರ ಮೂಡ್ತಿರ್ಲಿಲ್ಲ. ಹಲ್ಲಿಗೆ ತಿಳಿದದ್ದು ನಮಗ ತಿಳೀದಿದ್ರೂ ನಡೀತದ.” ಟಾರ್ಚು ಆರಿಸಿದರು. “ಬಾಯಿ ಮುಚ್ಚವ್ವ. ಎರಡ್ನೇತ್ತಾಕ್ಕ ಪಾಸಾದಿ.”

ದ್ಯಾಮವ್ವ ಬಾಯಿ ಮುಚ್ಚಿದಳು. ಇಷ್ಟು ಹೊತ್ತು ತೆರೆದಿದ್ದು ದವಡೆ ನೋಯುತ್ತಿತ್ತೆಂದು ಕಾಣುತ್ತದೆ, ಎರಡೂ ಕೆನ್ನೆ ತಿಕ್ಕಿಕೊಂಡಳು. ಹುಲಿಗೆವ್ವ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದವಳು, ತನ್ನ ಕೈ ನೋಡಿ, ಹಾಗೇ ಇಳಿಸಿದಳು. ಚನ್ನವೀರ ಇನ್ನೂ ನಿಂತೇ ಇದ್ದ. ಅವನಿಗೆ ಕೂಡು ಎಂದು ಯಾರೂ ಹೇಳಿರಲಿಲ್ಲ. ದ್ಯಾಮವ್ವ ತನ್ನ ಜಾಗಕ್ಕೆ ಹೋಗುವಾಗ ಅವನ ಹೊಸ ಅಂಗಿಯ ತುದಿ ಹಿಡಿದು ಕೆಳಗೆ ಜಗ್ಗಿದಳು. ಅವನು ಕೂತ.